ಬಾಯಿಲ್ಲ, ಕರುಳಿಲ್ಲ: ಕಡಲ ತಳದ ಬಿಸಿಬುಗ್ಗೆ ಪ್ರಾಣಿಗಳಿಗೆ ಬ್ಯಾಕ್ಟೀರಿಯಾದಿಂದ ಊಟ ಸೇರೋದು ಹೇಗೆ?

ಗಂಧಕವಾಸನೆ
ಕಡಲ ತಳದ ಬಿಸಿಬುಗ್ಗೆಗಳ ಬಗ್ಗೆ ಯಾವ ವಿಡಿಯೋ ನೋಡಿದರೂ ಅದೇ ಸಾಲು: ಅಲ್ಲಿ ಬೆಳಕಿಲ್ಲ, ಬ್ಯಾಕ್ಟೀರಿಯಾಗಳು ರಾಸಾಯನಿಕ ಶಕ್ತಿಯಿಂದ ಆಹಾರ ತಯಾರಿಸಿ ಪ್ರಾಣಿಗಳಿಗೆ ಕೊಡುತ್ತವೆ. ಆ "ಕೊಡುತ್ತವೆ" ಅನ್ನೋದರಲ್ಲೇ ಇಡೀ ವಿಷಯ ಹಾರಿಸಿಬಿಡುತ್ತಾರೆ. ರಿಫ್ಟಿಯಾ ಪ್ಯಾಕಿಪ್ಟಿಲಾ ಎಂಬ ಕೊಳವೆಹುಳುವನ್ನೇ ತಗೊಳ್ಳಿ. 1977ರಲ್ಲಿ ಗ್ಯಾಲಪಗೋಸ್ ಬಿರುಕಿನ ಹತ್ತಿರ ಸುಮಾರು 2,500 ಮೀಟರ್ ಆಳಕ್ಕೆ ಆಲ್ವಿನ್ ನೌಕೆಯಲ್ಲಿ ಇಳಿದ ಭೂವಿಜ್ಞಾನಿಗಳಿಗೆ ಬಿಸಿನೀರಿನ ಜೊತೆ ಈ ಪ್ರಾಣಿಗಳೂ ಕಂಡವು. ದೊಡ್ಡ ಹುಳುವಿಗೆ ಬಾಯಿ ಇಲ್ಲ, ಜೀರ್ಣನಾಳ ಇಲ್ಲ, ಗುದದ್ವಾರ ಇಲ್ಲ. ಆದರೂ ಕೊಳವೆ ಎರಡು ಮೀಟರ್ ತನಕ ಬೆಳೆಯುತ್ತದೆ.

ತಿಳಿದವರು ಬಿಡಿಸಿ ಬರೆಯಿರಿ. ಸಲ್ಫೈಡ್ ವಿಷ ತಾನೇ, ಅದು ಹುಳುವನ್ನು ಕೊಲ್ಲದೆ ಬ್ಯಾಕ್ಟೀರಿಯಾ ತನಕ ಹೋಗೋದು ಹೇಗೆ? ತಯಾರಾದ ಆಹಾರ ಬ್ಯಾಕ್ಟೀರಿಯಾ ಕೋಶದಿಂದ ಹುಳುವಿನ ಕೋಶಕ್ಕೆ ದಾಟೋದು ಹೇಗೆ? ಪ್ರಯೋಗದಿಂದ ತೋರಿಸಿದ್ದು ಮಾತ್ರ ಸಾಕು, ಅದ್ಭುತ, ವಿಸ್ಮಯ ಬೇಡ.

ತಳಸಂಚಾರಿ
ಮೊದಲು ದೇಹರಚನೆ. ಮೇಲ್ತುದಿಯ ಕೆಂಪು ತುರಾಯಿಯೇ ಕಿವಿರು. ಅದರ ಕೆಳಗೆ, ಹುಳುವನ್ನು ಕೊಳವೆಯೊಳಗೆ ಬಿಗಿಹಿಡಿದು ನಿಲ್ಲಿಸುವ ಸ್ನಾಯುವಿನ ಭಾಗ. ಮಿದುಳು, ಹೃದಯ ಎರಡೂ ಅಲ್ಲೇ. ಅದಕ್ಕೂ ಕೆಳಗಿನ ಉದ್ದನೆಯ ಮುಂಡದಲ್ಲಿ ಟ್ರೋಫೋಸೋಮ್ ಎಂಬ ಮೆತ್ತನೆಯ ಅಂಗ ತುಂಬಿಕೊಂಡಿದೆ. ಬೇರೆ ಪ್ರಾಣಿಗಳಲ್ಲಿ ಕರುಳು ಇರಬೇಕಾದ ಜಾಗವೆಲ್ಲ ಇದರದೇ. ಒಂದು ಗ್ರಾಂ ಟ್ರೋಫೋಸೋಮಿನಲ್ಲಿ ನೂರು ಕೋಟಿಗೂ ಹೆಚ್ಚು ಬ್ಯಾಕ್ಟೀರಿಯಾ. ಅವು ಅಂಗದ ಸಂದುಗೊಂದುಗಳಲ್ಲಿ ಇರುವುದಲ್ಲ, ಹುಳುವಿನ ಕೋಶಗಳ ಒಳಗೇ ಇರುತ್ತವೆ. ಹೊರಗಿನ ನೀರು ಅಲ್ಲಿಗೆ ಮುಟ್ಟುವುದೇ ಇಲ್ಲ. ಹಾಗಾಗಿ ಸಲ್ಫೈಡ್, ಆಮ್ಲಜನಕ, ಇಂಗಾಲದ ಡೈ ಆಕ್ಸೈಡ್, ನೈಟ್ರೇಟ್ ನಾಲ್ಕನ್ನೂ ತುರಾಯಿಯಲ್ಲಿ ಹೀರಿ ರಕ್ತದ ಮೂಲಕವೇ ಕಳಿಸಬೇಕು.

ಬ್ಯಾಕ್ಟೀರಿಯಾ ಅಂತ ಗೊತ್ತಾದ ಬಗೆಯೂ ಸ್ವಾರಸ್ಯಕರ. ಈ ಹುಳುವಿಗೆ ಹೆಸರಿಟ್ಟ ಮೆರೆಡಿತ್ ಜೋನ್ಸ್ ಟ್ರೋಫೋಸೋಮಿನಲ್ಲಿ ಗಂಧಕದ ಹರಳುಗಳಿವೆ ಎಂದು ಒಂದು ಉಪನ್ಯಾಸದಲ್ಲಿ ಹೇಳಿದರು. ಕೇಳುತ್ತಿದ್ದವರಲ್ಲಿ ಹಾರ್ವರ್ಡ್‌ನ ವಿದ್ಯಾರ್ಥಿನಿ ಕೊಲೀನ್ ಕ್ಯಾವನಾ ಒಬ್ಬರು. ಗಂಧಕ ಶೇಖರವಾಗಿದ್ದರೆ ಅದನ್ನು ಉತ್ಕರ್ಷಿಸುವ ಬ್ಯಾಕ್ಟೀರಿಯಾ ಒಳಗಿರಲೇಬೇಕು ಎಂದು ಅವರು ವಾದಿಸಿದರು. ಆ ವಾದ 1981ರಲ್ಲಿ ಸೂಕ್ಷ್ಮದರ್ಶಕದ ಚಿತ್ರಗಳ ಸಮೇತ ಪ್ರಕಟವಾಯಿತು. ಅದೇ ವರ್ಷ ಹೋರ್ಸ್ಟ್ ಫೆಲ್ಬೆಕ್, ಇಂಗಾಲವನ್ನು ಸ್ಥಿರೀಕರಿಸುವ ರುಬಿಸ್ಕೋ ಮತ್ತು ಸಲ್ಫೈಡಿನಿಂದ ಶಕ್ತಿ ತೆಗೆಯುವ ಕಿಣ್ವಗಳು ಟ್ರೋಫೋಸೋಮಿನಲ್ಲಿ ಇವೆ, ಅದೇ ಹುಳುವಿನ ಸ್ನಾಯುವಿನಲ್ಲಿ ಇಲ್ಲ ಎಂದು ತೋರಿಸಿದರು. ನನ್ನ ಪ್ರಕಾರ ಎರಡನೆಯದೇ ಹೆಚ್ಚು ಗಟ್ಟಿ ಸಾಕ್ಷಿ. ಬ್ಯಾಕ್ಟೀರಿಯಾ ಇದೆ ಎಂಬ ಮಾತ್ರಕ್ಕೆ ಅದು ದುಡಿಯುತ್ತಿದೆ ಎಂದಾಗುವುದಿಲ್ಲ.

ಕೆಂಪುರಕ್ತ
ವಿಷದ ಪ್ರಶ್ನೆ ನನಗಿರಲಿ.

ಸಲ್ಫೈಡ್ ಕೊಲ್ಲುವುದು ಮೈಟೋಕಾಂಡ್ರಿಯಾದ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಕಿಣ್ವವನ್ನು ತಡೆದು. ಮೈಕ್ರೋಮೋಲಾರ್ (ಲೀಟರ್‌ಗೆ ಮೋಲ್‌ನ ಹತ್ತು ಲಕ್ಷದ ಒಂದು ಪಾಲು) ಪ್ರಮಾಣವೇ ಸಾಕು. ರಿಫ್ಟಿಯಾದ್ದು ಏನೋ ವಿಶೇಷ, ವಿಷ ತಟ್ಟದ ಕಿಣ್ವ ಇರಬಹುದು ಅಂತ ಅನ್ನಿಸುತ್ತದೆ. ಇಲ್ಲ. ಕಿಣ್ವವನ್ನು ಬೇರ್ಪಡಿಸಿ ಸಲ್ಫೈಡ್ ಹಾಕಿದರೆ ನಮ್ಮದರಂತೆಯೇ ಅದೂ ನಿಲ್ಲುತ್ತದೆ. ರಕ್ಷಣೆ ಇರುವುದು ರಕ್ತದಲ್ಲಿ.

ಈ ಹುಳುವಿನ ಹಿಮೋಗ್ಲೋಬಿನ್ ಕೋಶಗಳೊಳಗಿಲ್ಲ, ದ್ರವದಲ್ಲೇ ಕರಗಿಕೊಂಡಿದೆ. ಮೂರು ಬಗೆ: ರಕ್ತನಾಳದಲ್ಲಿ ಎರಡು, ದೇಹಕುಹರದ ದ್ರವದಲ್ಲಿ ಒಂದು. ನಾಳದಲ್ಲಿರುವ ದೊಡ್ಡದರ ತೂಕ ಸುಮಾರು 3,500 ಕಿಲೋಡಾಲ್ಟನ್ (ಅಣುವಿನ ತೂಕದ ಅಳತೆ), ಉಳಿದೆರಡರದು ಸುಮಾರು 400. ನಮ್ಮದು ಬರೀ 64. ಆಮ್ಲಜನಕ ಕೂರುವುದು ಎಂದಿನಂತೆ ಹೀಮ್‌ನ ಕಬ್ಬಿಣದ ಮೇಲೆ. ಸಲ್ಫೈಡ್ ಕೂರುವ ಜಾಗ ಬೇರೆ, ಹಾಗಾಗಿ ಒಂದು ಇನ್ನೊಂದನ್ನು ತಳ್ಳುವುದಿಲ್ಲ. ನಮ್ಮ ಹಿಮೋಗ್ಲೋಬಿನ್‌ಗೆ ಸಲ್ಫೈಡ್ ತಗುಲಿದರೆ ಅದು ಹೀಮನ್ನೇ ಕೆಡಿಸಿಬಿಡುತ್ತದೆ. ಆ ಬೇರೆ ಜಾಗ ಯಾವುದು ಅನ್ನುವುದಕ್ಕೆ ಎರಡು ವಾದ ನಡೆದವು. ಒಂದು ಗುಂಪು ಪ್ರೋಟೀನಿನ ಮುಕ್ತ ಸಿಸ್ಟೀನ್‌ಗಳು (ಗಂಧಕವಿರುವ ಅಮೈನೋ ಆಮ್ಲ) ಅಂದಿತು. 2005ರಲ್ಲಿ ಬಂದ ಸ್ಫಟಿಕ ರಚನೆಯಲ್ಲಿ 400 ಕಿಲೋಡಾಲ್ಟನ್‌ನ ಹಿಮೋಗ್ಲೋಬಿನ್ 24 ಸರಪಳಿಗಳ ಟೊಳ್ಳು ಗೋಳವೆಂದೂ ಅದರಲ್ಲಿ 12 ಸತುವಿನ ಅಯಾನುಗಳಿವೆಯೆಂದೂ ಕಂಡಿತು; ಸಲ್ಫೈಡ್ ಹಿಡಿಯುವುದು ಸತುವೇ ಎಂದು ಆ ರಚನೆ ಬಿಡಿಸಿದ ಗುಂಪಿನ ವಾದ. ಎರಡೂ ಸ್ವಲ್ಪ ಸ್ವಲ್ಪ ಕೆಲಸ ಮಾಡುತ್ತಿರಬಹುದು. ಏನೇ ಇರಲಿ, ರಕ್ತದಲ್ಲಿ ಕಟ್ಟಿಹಾಕಿದ ಸಲ್ಫೈಡ್ ಮಿಲಿಮೋಲಾರ್ (ಮೈಕ್ರೋಮೋಲಾರ್‌ನ ಸಾವಿರ ಪಟ್ಟು) ಮಟ್ಟಕ್ಕೆ ಏರಿದರೂ ಬಿಡಿಯಾಗಿ ಓಡಾಡುವುದು ತೀರಾ ಕಡಿಮೆ.

ಇನ್ನೊಂದು ವಿಷಯ. ತುರಾಯಿಯ ಮೂಲಕ ಒಳಬರುವುದು ಹೈಡ್ರೋಜನ್ ಸಲ್ಫೈಡ್ ಅನಿಲವಲ್ಲ, ಬೈಸಲ್ಫೈಡ್ ಅಯಾನು. 1990ರ ದಶಕದ ಪ್ರಯೋಗಗಳಲ್ಲಿ ಇದು ಸ್ಪಷ್ಟವಾಯಿತು. ಹೊರಗಿನ ನೀರು ಆಮ್ಲೀಯ, ಪಿಎಚ್ 6ರ ಆಸುಪಾಸು, ಅಂದರೆ ಹೊರಗೆ ಅನಿಲ ರೂಪವೇ ಜಾಸ್ತಿ. ಪೊರೆಯನ್ನು ಸುಲಭವಾಗಿ ದಾಟಬಲ್ಲ ಅನಿಲವನ್ನು ಬಿಟ್ಟು ದಾಟಲು ಕಷ್ಟವಾದ ಅಯಾನನ್ನು ಏಕೆ ಆರಿಸಿಕೊಳ್ಳಬೇಕು? ಅನಿಲ ತಾನಾಗಿ ನುಗ್ಗಿದರೆ ಎಷ್ಟು ನುಗ್ಗಿತು ಎಂಬುದು ಹುಳುವಿನ ಕೈಯಲ್ಲಿ ಇರುವುದಿಲ್ಲ. ಅಯಾನಾದರೆ ಹಿಮೋಗ್ಲೋಬಿನ್ ಹಿಡಿಯುವಷ್ಟೇ ಒಳಗೆ.

ಬಿಡಿಸಿಹೇಳಿ
@ಕೆಂಪುರಕ್ತ ಮೇಡಂ, ಇಂಗಾಲದ ಡೈ ಆಕ್ಸೈಡ್‌ಗೂ ಹೀಗೇ ವಾಹಕ ಇದೆಯಾ?

ಕೆಂಪುರಕ್ತ
ಇಲ್ಲ, ಅದು ತಾನಾಗೇ ಹರಿದು ಬರುತ್ತದೆ. ಬುಗ್ಗೆಯ ನೀರಿನಲ್ಲಿ ಅದರ ಒತ್ತಡ ಹೆಚ್ಚು. ಒಳಗಿನ ರಕ್ತದ ಪಿಎಚ್ 7.1ರಿಂದ 7.5ರ ನಡುವೆ ಇರುವುದರಿಂದ, ತುರಾಯಿಯಲ್ಲಿ ತುಂಬಾ ಇರುವ ಕಾರ್ಬಾನಿಕ್ ಅನ್‌ಹೈಡ್ರೇಸ್ ಕಿಣ್ವ ಅದನ್ನು ಕೂಡಲೇ ಬೈಕಾರ್ಬೊನೇಟ್ ಮಾಡುತ್ತದೆ. ಬೈಕಾರ್ಬೊನೇಟ್ ವಾಪಸ್ ಸೋರಿ ಹೋಗಲಾರದು. ಇಡೀ ವ್ಯವಸ್ಥೆ ನಿಂತಿರುವುದು ರಕ್ತ ಆಮ್ಲೀಯವಾಗದಂತೆ ಕಾಯುವುದರ ಮೇಲೆ. ಸಲ್ಫೈಡ್ ಸಲ್ಫೇಟ್ ಆಗುವಾಗ ಒಳಗೆ ಪ್ರೋಟಾನ್ ಹುಟ್ಟುತ್ತಲೇ ಇರುತ್ತದೆ. ಅದನ್ನು ಎಟಿಪಿ (ಕೋಶದ ಶಕ್ತಿಯ ನಾಣ್ಯ) ಖರ್ಚು ಮಾಡಿ ಹೊರಗೆ ಪಂಪ್ ಮಾಡಬೇಕು. ಪ್ರಯೋಗದಲ್ಲಿ ಈ ಪಂಪನ್ನು ತಡೆದಾಗ ರಕ್ತದ ಪಿಎಚ್ ಇಳಿದು ಇಂಗಾಲ ಹೀರುವುದೂ ನಿಂತುಹೋಯಿತು. ಹುಳು ಪುಕ್ಕಟೆ ಊಟ ಮಾಡುತ್ತಿದೆ ಅನ್ನುವವರು ಈ ಖರ್ಚನ್ನೂ ಲೆಕ್ಕ ಹಾಕಲಿ.

ಮೋಲ್‌ಲೆಕ್ಕ
ಒಂದು ಪುಟ್ಟ ಲೆಕ್ಕ ಸೇರಿಸುತ್ತೇನೆ, ಗಂಧಕದ ಹರಳು ಏಕೆ ಅನ್ನುವುದು ಅದರಿಂದ ತಿಳಿಯುತ್ತದೆ.

ಒಂದು ಬೈಸಲ್ಫೈಡ್ ಪೂರ್ತಿ ಸಲ್ಫೇಟ್ ಆಗಲು ಎರಡು ಆಮ್ಲಜನಕ ಅಣು ಬೇಕು. ಒಂದು ಮೋಲ್‌ಗೆ ಸಿಗುವ ಶಕ್ತಿ ಸುಮಾರು 800 ಕಿಲೋಜೂಲ್. ಪೂರ್ವ ಪೆಸಿಫಿಕ್ ಏಣಿನ (ಕಡಲ ತಳದ ಬೆಟ್ಟಸಾಲಿನ) ತಳದ ನೀರಿನಲ್ಲಿ ಆಮ್ಲಜನಕ ಸುಮಾರು 110 ಮೈಕ್ರೋಮೋಲಾರ್. ಅಂದರೆ ಒಂದು ಲೀಟರ್ ತಳದ ನೀರಿನ ಆಮ್ಲಜನಕವನ್ನೆಲ್ಲ ಬಳಸಿದರೂ 55 ಮೈಕ್ರೋಮೋಲ್ ಸಲ್ಫೈಡ್‌ಗಷ್ಟೇ ಸಾಲುತ್ತದೆ. ಹುಳುಗಳ ಸುತ್ತಲ ನೀರಿನಲ್ಲಿ ಸಲ್ಫೈಡ್ ಎಷ್ಟೋ ಸಲ ನೂರಾರು ಮೈಕ್ರೋಮೋಲಾರ್ ಇರುತ್ತದೆ. ಆದ್ದರಿಂದ ಕೊರತೆ ಬೀಳುವುದು ಬಹಳ ಸಲ ಸಲ್ಫೈಡಿನದಲ್ಲ, ಆಮ್ಲಜನಕದ್ದು. ಆದರೆ ಸಲ್ಫೈಡನ್ನು ಧಾತುರೂಪದ ಗಂಧಕದವರೆಗೆ ಮಾತ್ರ ಉತ್ಕರ್ಷಿಸಿ ನಿಲ್ಲಿಸಿದರೆ ಅರ್ಧ ಅಣು ಆಮ್ಲಜನಕ ಸಾಕು, ಅಂದರೆ ಕಾಲುಭಾಗ. ಉಳಿದ ಕೆಲಸವನ್ನು ಆಮ್ಲಜನಕ ಸಿಕ್ಕಾಗ ಮುಗಿಸಬಹುದು. ಬ್ಯಾಕ್ಟೀರಿಯಾ ಒಳಗಿನ ಗಂಧಕದ ಗುಳಿಗೆಗಳು ಈ ದಾಸ್ತಾನೇ. ದಾಸ್ತಾನು ತುಂಬಿದ ಹುಳುವಿನ ಟ್ರೋಫೋಸೋಮ್ ತಿಳಿಹಳದಿ; ಸಲ್ಫೈಡ್ ಸಿಗದೆ ದಾಸ್ತಾನು ಮುಗಿದಾಗ ಕಡುಹಸಿರು, ಕಪ್ಪು. ಕೊಯ್ದ ತಕ್ಷಣ ಬಣ್ಣ ನೋಡಿಯೇ ಹುಳುವಿನ ಸ್ಥಿತಿ ಹೇಳಬಹುದು.

ಇನ್ನು ಆಮ್ಲಜನಕ ಎಲ್ಲಿಂದ ಬಂತು? ಮೇಲಿನ ಬೆಳಕಿನ ನೀರಿನ ಪಾಚಿಗಳಿಂದ, ನೆಲದ ಗಿಡಗಳಿಂದ. ಹಾಗಾಗಿ "ಸೂರ್ಯನ ಹಂಗೇ ಇಲ್ಲದ ಜೀವಲೋಕ" ಅನ್ನೋ ಮಾತು ರಿಫ್ಟಿಯಾಗೆ ಒಪ್ಪುವುದಿಲ್ಲ. ಬುಗ್ಗೆಯಲ್ಲಿ ಆಮ್ಲಜನಕ ಬೇಡದ ಮೀಥೇನ್‌ಜನಕ ಆರ್ಕಿಯಾಗಳಿವೆ (ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಗಳು), ಬೇಕಾದರೆ ಆ ಮಾತನ್ನು ಅವುಗಳಿಗೆ ಹೇಳಿ.

ಗಂಧಕವಾಸನೆ
ಇಲ್ಲಿಯವರೆಗೆ ಕಚ್ಚಾಮಾಲು ಒಳಗೆ ಹೋಯಿತು. ಈಗ ಮುಖ್ಯ ಪ್ರಶ್ನೆ: ಹುಳು ಬ್ಯಾಕ್ಟೀರಿಯಾದ ಹಾಲು ಕರೆಯುತ್ತದೋ, ಬ್ಯಾಕ್ಟೀರಿಯಾವನ್ನೇ ಕಡಿದು ತಿನ್ನುತ್ತದೋ?

ತಳಸಂಚಾರಿ
ಎರಡೂ. ಎರಡಕ್ಕೂ ಸಾಕ್ಷಿ ಇದೆ.

ಟ್ರೋಫೋಸೋಮಿನ ಒಂದು ಎಸಳನ್ನು ಅಡ್ಡ ಕೊಯ್ದು ನೋಡಿದರೆ ನಡುವೆ ಒಂದು ರಕ್ತನಾಳ, ಅದರ ಸುತ್ತ ಸಣ್ಣ ಕಡ್ಡಿಯಾಕಾರದ ಬ್ಯಾಕ್ಟೀರಿಯಾ ಇರುವ ಕೋಶಗಳು. ಇವು ವಿಭಜನೆಯಾಗುತ್ತಿರುತ್ತವೆ. ಹೊರಕ್ಕೆ ಬಂದಂತೆ ಬ್ಯಾಕ್ಟೀರಿಯಾ ಗುಂಡಗಾಗುತ್ತವೆ, ದೊಡ್ಡದಾಗುತ್ತವೆ. ಅಂಚಿನಲ್ಲಿ ಲೈಸೋಸೋಮ್‌ಗಳು (ಕೋಶದ ಜೀರ್ಣಚೀಲಗಳು) ಅವನ್ನು ಕರಗಿಸುತ್ತಿರುವುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೇರವಾಗಿ ಕಾಣುತ್ತದೆ: ಮೊದಲು ಕೋಶಭಿತ್ತಿ ಸುಕ್ಕಾಗಿ, ಆಮೇಲೆ ಈರುಳ್ಳಿ ಪದರದಂಥ ಪೊರೆಯ ಸುರುಳಿಗಳಷ್ಟೇ ಉಳಿಯುತ್ತವೆ. ಬ್ಯಾಕ್ಟೀರಿಯಾ ಇರುವ ಹುಳುವಿನ ಕೋಶವೂ ನಡುವಿನಲ್ಲಿ ಹುಟ್ಟಿ ಅಂಚಿನಲ್ಲಿ ಸಾಯುತ್ತದೆ.

ಹಾಲು ಕರೆಯುವುದಕ್ಕೆ ಸಾಕ್ಷಿ ವಿಕಿರಣಶೀಲ ಇಂಗಾಲದಿಂದ ಬಂತು. ಗುರುತು ಹಾಕಿದ ಬೈಕಾರ್ಬೊನೇಟ್ ಕೊಟ್ಟರೆ, ಬ್ಯಾಕ್ಟೀರಿಯಾ ಬೆಳೆದು ಸತ್ತು ಜೀರ್ಣವಾಗುವುದಕ್ಕೆ ಬಹಳ ಮೊದಲೇ ಗುರುತು ಹುಳುವಿನ ಅಂಗಾಂಶದಲ್ಲಿ ಕಾಣಿಸುತ್ತದೆ. ಹುಳುವಿನಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾ ಸಕ್ಸಿನೇಟ್, ಮ್ಯಾಲೇಟ್‌ನಂಥ ಸಣ್ಣ ಅಣುಗಳನ್ನು ಹೊರಬಿಡುವುದನ್ನು 1998ರಲ್ಲಿ ಅಳೆದರು. ಪಾಲು ಎಷ್ಟೆಷ್ಟು ಅನ್ನುವಾಗ ಈಗ ತಕ್ಕಡಿ ಜೀರ್ಣದ ಕಡೆ ವಾಲಿದೆ. 2019ರ ಪ್ರೋಟೀನ್ ಸಮೀಕ್ಷೆಯಲ್ಲಿ ಟ್ರೋಫೋಸೋಮಿನಲ್ಲಿ ಹುಳುವಿನ ಜೀರ್ಣಕಿಣ್ವಗಳು ಹೇರಳವಾಗಿ ಸಿಕ್ಕವು.

ಇಂಗಾಲ ಸ್ಥಿರೀಕರಣವೂ ಒಂದೇ ದಾರಿಯದಲ್ಲ. ಎಂಡೋರಿಫ್ಟಿಯಾ ಎಂದು ಹೆಸರಿಟ್ಟ ಈ ಬ್ಯಾಕ್ಟೀರಿಯಾದಲ್ಲಿ ಕ್ಯಾಲ್ವಿನ್ ಚಕ್ರದ (ರುಬಿಸ್ಕೋ ಇರುವ ದಾರಿಯ) ಜೊತೆಗೆ ಹಿಮ್ಮುಖ ಕ್ರೆಬ್ಸ್ ಚಕ್ರವೂ (ಉಸಿರಾಟದ ಚಕ್ರ ಹಿಂದುಮುಂದಾಗಿ) ನಡೆಯುತ್ತದೆ ಎಂದು 2007ರಲ್ಲಿ ತೋರಿಸಿದರು. ಇದನ್ನು ಪ್ರತ್ಯೇಕವಾಗಿ ಪ್ರಯೋಗಾಲಯದಲ್ಲಿ ಬೆಳೆಸಲು ಆಗಿಲ್ಲದಿರುವುದರಿಂದ ಎಲ್ಲವನ್ನೂ ಹುಳುವಿನ ಸಮೇತವೇ ಅಳೆಯಬೇಕು.

ಪಡುವಣತೀರ
ರಿಫ್ಟಿಯಾ ಒಂದನ್ನೇ ಹಿಡಿದು ಕೂತರೆ ತಪ್ಪು ಚಿತ್ರ ಸಿಗುತ್ತದೆ ಮಾರಾಯ್ರೆ. ಬುಗ್ಗೆಯಲ್ಲಿ ಬೇರೆ ಬೇರೆ ವ್ಯವಸ್ಥೆ ಉಂಟು.

ನಮ್ಮ ಕರಾವಳಿಯ ಪಚ್ಚಿಲೆ ಚಿಪ್ಪಿನ ದೂರದ ನೆಂಟ ಬ್ಯಾಥಿಮೋಡಿಯೋಲಸ್. ಅದರ ಬ್ಯಾಕ್ಟೀರಿಯಾ ಇರುವುದು ಕಿವಿರಿನ ಕೋಶಗಳಲ್ಲಿ, ಹಾಗಾಗಿ ನೀರು ನೇರ ತಾಗುತ್ತದೆ, ರಕ್ತದಲ್ಲಿ ಸಾಗಿಸುವ ತಾಪತ್ರಯ ಇಲ್ಲ. ಅಟ್ಲಾಂಟಿಕ್ ನಡುಏಣಿನ ಜಾತಿಗಳಲ್ಲಿ ಒಂದೇ ಕೋಶದೊಳಗೆ ಎರಡು ಬಗೆ: ಒಂದು ಸಲ್ಫೈಡ್ ಬಳಸುವುದು, ಇನ್ನೊಂದು ಮೀಥೇನ್ ಬಳಸುವುದು. ಮೀಥೇನಿನದು ಗಾತ್ರದಲ್ಲಿ ದೊಡ್ಡದು, ಒಳಗೆ ಒಂದರ ಮೇಲೊಂದು ಅಡಕಿದ ಪೊರೆಗಳು ಕಾಣುತ್ತವೆ, ಗುರುತಿಸುವುದು ಸುಲಭ. ಯಾವ ಬುಗ್ಗೆಯಲ್ಲಿ ಮೀಥೇನ್ ಹೆಚ್ಚೋ ಅಲ್ಲಿ ಅದರ ಪಾಲು ಹೆಚ್ಚು. ಲೋಗಾಚೆವ್ ಬುಗ್ಗೆಯ ಚಿಪ್ಪುಗಳಲ್ಲಿ ಬ್ಯಾಕ್ಟೀರಿಯಾ ಹೈಡ್ರೋಜನ್ ಅನ್ನೂ ಬಳಸುತ್ತವೆ ಎಂದು 2011ರಲ್ಲಿ ಗೊತ್ತಾಯಿತು. ಇದಕ್ಕೆ ಬಾಯಿ, ಕರುಳು ಎರಡೂ ಉಂಟು, ನೀರು ಸೋಸಿ ತಿನ್ನಲೂ ಬಲ್ಲದು. ಬುಗ್ಗೆ ತಣ್ಣಗಾದರೆ ರಿಫ್ಟಿಯಾ ಸಾಯುತ್ತದೆ, ಇದು ಬ್ಯಾಕ್ಟೀರಿಯಾ ಕಳೆದುಕೊಂಡೂ ಸ್ವಲ್ಪ ಕಾಲ ಎಳೆಯುತ್ತದೆ.

ಬಿಳಿ ದೊಡ್ಡ ಚಿಪ್ಪು ಕ್ಯಾಲಿಪ್ಟೊಜೀನಾ ಮ್ಯಾಗ್ನಿಫಿಕಾ ಮಾಡುವುದು ಇನ್ನೂ ಚಂದ. ಪಾದವನ್ನು ಬಂಡೆಯ ಬಿರುಕಿಗೆ ಇಳಿಸಿ ಅಲ್ಲಿಯ ಸಲ್ಫೈಡ್ ಹೀರುತ್ತದೆ, ಮೇಲೆ ಕಿವಿರಿನಿಂದ ಆಮ್ಲಜನಕ. ಎರಡು ಬೇರೆ ಬೇರೆ ನೀರಿನಿಂದ ಬರುವುದರಿಂದ ಹೊರಗೆ ಒಂದಕ್ಕೊಂದು ಬೆರೆತು ವ್ಯರ್ಥವಾಗುವುದಿಲ್ಲ.

ಸಿಗಡಿಯದು ಮತ್ತೊಂದು ರೀತಿ. ಅಟ್ಲಾಂಟಿಕ್‌ನ ಟ್ಯಾಗ್ ಬುಗ್ಗೆಯಲ್ಲಿ, ಸುಮಾರು 3,600 ಮೀಟರ್ ಆಳದಲ್ಲಿ, ರಿಮಿಕ್ಯಾರಿಸ್ ಎಕ್ಸಾಕ್ಯುಲೇಟಾ ಚಿಮಣಿಯ ಗೋಡೆಗೆ ಮುತ್ತಿಕೊಂಡಿರುತ್ತದೆ. ತಲೆಯ ಚಿಪ್ಪು ಉಬ್ಬಿ ಒಳಗೆ ಕೋಣೆಯಂತಾಗಿದೆ. ಬ್ಯಾಕ್ಟೀರಿಯಾ ಬೆಳೆಯುವುದು ಆ ಕೋಣೆಯ ಗೋಡೆಯ ಮೇಲೆ ಮತ್ತು ಬಾಯಿಯ ಅಂಗಗಳ ರೋಮಗಳ ಮೇಲೆ, ಕೋಶದೊಳಗಲ್ಲ. ಕೆರೆದು ತಿನ್ನುತ್ತದೆ ಎಂದೇ ಬಹಳ ಕಾಲ ಎಲ್ಲರೂ ಬರೆದರು. 2013ರಲ್ಲಿ ಗುರುತು ಹಾಕಿದ ಇಂಗಾಲ ಕೊಟ್ಟು ನೋಡಿದಾಗ ಕರಗಿದ ಆಹಾರ ಕೋಣೆಯ ತೆಳು ಚರ್ಮದ ಮೂಲಕವೇ ಒಳಕ್ಕೆ ಹೋಗುವುದು ಕಂಡಿತು. ಪೊರೆ ಕಳಚಿದಾಗಲೆಲ್ಲ ಬ್ಯಾಕ್ಟೀರಿಯಾದ ತೋಟವೂ ಕಳಚಿ ಹೋಗುತ್ತದೆ, ಮತ್ತೆ ಮೊದಲಿನಿಂದ ಬೆಳೆಯಬೇಕು.

ಬಿಡಿಸಿಹೇಳಿ
ಹಿಂದೂ ಮಹಾಸಾಗರದಲ್ಲಿ ಇದೆಲ್ಲ ಇಲ್ವಾ?

ಪಡುವಣತೀರ
ಉಂಟು, ಆದರೆ ರಿಫ್ಟಿಯಾ ಅಲ್ಲಿಲ್ಲ, ಅದು ಪೂರ್ವ ಪೆಸಿಫಿಕ್‌ನದ್ದು. ರಾಡ್ರಿಗಸ್ ತ್ರಿಸಂಧಿಯ (ಮೂರು ಭೂಫಲಕ ಕೂಡುವ ಜಾಗ) ಹತ್ತಿರದ ಕೈರೈ ಬುಗ್ಗೆಯಲ್ಲಿ ಸುಮಾರು 2,400 ಮೀಟರ್ ಆಳದಲ್ಲಿ ರಿಮಿಕ್ಯಾರಿಸ್ ಕೈರೈ ಎಂಬ ಸಿಗಡಿ, ಕಿವಿರಿನಲ್ಲಿ ಬ್ಯಾಕ್ಟೀರಿಯಾ ಸಾಕುವ ಆಲ್ವಿನಿಕಾಂಕ ಎಂಬ ಬಸವನಹುಳು, ಮತ್ತು 2001ರಲ್ಲಿ ಕಂಡ ಹುರುಪೆ ಪಾದದ ಬಸವನಹುಳು ಕ್ರೈಸೊಮ್ಯಾಲನ್ ಸ್ಕ್ವಾಮಿಫೆರಮ್ ಇವೆ. ಕೊನೆಯದರ ಪಾದದ ಹುರುಪೆಗಳ ಮೇಲೆ ಕಬ್ಬಿಣದ ಸಲ್ಫೈಡ್ ಲೇಪ. ಎಲ್ಲರೂ ಆ ಕವಚದ ಫೋಟೋ ಹಾಕುತ್ತಾರೆ, ಊಟದ ವ್ಯವಸ್ಥೆ ಹೇಳುವುದಿಲ್ಲ. ಅನ್ನನಾಳದ ಗ್ರಂಥಿ ವಿಪರೀತ ದೊಡ್ಡದಾಗಿ ಬೆಳೆದು ಅದರೊಳಗೆ ಬ್ಯಾಕ್ಟೀರಿಯಾ ಉಂಟು, ಅದಕ್ಕೆ ರಕ್ತ ಒದಗಿಸಲು ಹೃದಯವೂ ಭಾರೀ ದೊಡ್ಡದು. ಕರುಳು ಮಾತ್ರ ಸಣ್ಣದು. ಗಣಿಗಾರಿಕೆಯ ಭಯದಿಂದ 2019ರಲ್ಲಿ ಇದನ್ನು ಅಳಿವಿನಂಚಿನ ಕೆಂಪುಪಟ್ಟಿಗೆ ಸೇರಿಸಿದರು. ಭಾರತಕ್ಕೂ ಮಧ್ಯ ಮತ್ತು ನೈಋತ್ಯ ಹಿಂದೂ ಮಹಾಸಾಗರ ಏಣುಗಳಲ್ಲಿ 10,000 ಚದರ ಕಿಲೋಮೀಟರ್‌ನಲ್ಲಿ ಸಲ್ಫೈಡ್ ಅದಿರು ಹುಡುಕುವ 2016ರ ಒಪ್ಪಂದ ಉಂಟು. ಆದ್ದರಿಂದ ಇದು ಬರೀ ದೂರದ ಕುತೂಹಲ ಅಲ್ಲ.

ಒತ್ತಡಪಾತ್ರೆ
ಇದನ್ನೆಲ್ಲ ಅಳಿಯೂದು ಹೆಂಗ, ಎಲ್ಲಿ ಕೆಡತದ ಅನ್ನೂದು ಯಾರೂ ಬರದಿಲ್ಲ, ನಾ ಬರೀತೀನಿ.

2,500 ಮೀಟರ್ ಅಂದ್ರ ಸುಮಾರು 250 ವಾತಾವರಣದ ಒತ್ತಡ. ರಿಫ್ಟಿಯಾನ ಮ್ಯಾಲೆ ತಂದು ತೊಟ್ಟಿಯೊಳಗ ಇಟ್ರ ಬಾಳಂಗಿಲ್ಲ. ಅದಕ್ಕ ಒತ್ತಡದ ಪಾತ್ರೆಯೊಳಗ ಸುಮಾರು 15 ಡಿಗ್ರಿ, ಪಿಎಚ್ 6ರ ನೀರು ನಿರಂತರ ಹರಿಸಬೇಕು. ನೀರು ನಿಲ್ಲಿಸಿದ್ರಿ ಅಂದ್ರ ಕೆಲಸ ಕೆಟ್ಟಂಗ, ಯಾಕಂದ್ರ ಸಲ್ಫೈಡೂ ಆಮ್ಲಜನಕಾನೂ ತಾವತಾವ ಕೂಡಿ ಮುಗದುಬಿಡತಾವ. ಲೋಹದ ಕಣ ಇದ್ರ ಇನ್ನೂ ಲಗೂನ. ಎರಡನ್ನೂ ಪಾತ್ರೆಗೆ ಹೋಗೂ ಹೊತ್ತಿಗೇ ಕೂಡಿಸಬೇಕು. ಒಳಗ ಹೋಗೂ ನೀರು, ಹೊರಗ ಬರೂ ನೀರು ಎರಡನ್ನೂ ಅಳೀಬೇಕು. ಹಂಗ ಹುಳ ಇಲ್ಲದ ಖಾಲಿ ಪಾತ್ರೆ ಒಂದು ಜೋಡಿಗೆ ನಡೀಲೇಬೇಕು. ಕೊಳವೆ ಗೋಡೆಗೆ ಬೆಳದ ಬ್ಯಾಕ್ಟೀರಿಯಾನೂ ಸಲ್ಫೈಡ್ ತಿಂತಾವ. ಖಾಲಿ ಪಾತ್ರೆಯ ಲೆಕ್ಕ ಕಳೀದಿದ್ರ ಅದನ್ನೆಲ್ಲ ಹುಳದ ಖಾತೆಗೆ ಬರದಂಗ ಆಗತದ.

ಸಲ್ಫೈಡ್ ಮಾದರಿಗೆ ತಗೊಂಡ ಕೂಡಲೇ ಸತುವಿನ ಅಸಿಟೇಟ್ ಹಾಕ್ರಿ, ಸತುವಿನ ಸಲ್ಫೈಡ್ ಆಗಿ ಕೆಳಗ ಕೂಡತದ. ಆಮ್ಯಾಲೆ ನಿಧಾನಕ್ಕ ಮೆಥಿಲೀನ್ ನೀಲಿ ವಿಧಾನದಾಗ ಅಳೀಬಹುದು. ಹಾಕೂದು ತಡ ಆದ್ರ ಗಾಳಿಗೆ ಉತ್ಕರ್ಷಣ ಆಗಿ ಅಂಕಿ ಕಡಿಮಿ ಬರತದ.

ಇಂಗಾಲದ ಸಮಸ್ಥಾನಿ (ಒಂದೇ ಧಾತುವಿನ ಬ್ಯಾರೆ ತೂಕದ ಪರಮಾಣು) ನೋಡವ್ರಿಗೆ: ಚಿಪ್ಪಿನ ಚೂರು ಕೂಡಿದ್ರ ಆಮ್ಲ ಹಾಕಿ ಕಾರ್ಬೊನೇಟ್ ತಗೀರಿ, ಆದ್ರ ಆಮ್ಲ ಹಾಕಿದ ತುಂಡಿನಾಗ ಸಾರಜನಕದ ಸಮಸ್ಥಾನಿ ಅಳೀಬ್ಯಾಡ್ರಿ, ಅದಕ್ಕ ಬ್ಯಾರೆ ತುಂಡು ಇಡ್ರಿ. ಕೊಬ್ಬಿನ ಅಂಶ ಭಾಳ ಇದ್ರ ಇಂಗಾಲದ ಅಂಕಿ ಇನ್ನೂ ಕೆಳಗ ಎಳೀತದ.

ಮೋಲ್‌ಲೆಕ್ಕ
ಸಮಸ್ಥಾನಿ ಅಂದ್ರಲ್ಲ ಸರ್, ಅದಕ್ಕೊಂದು ಎಚ್ಚರಿಕೆ. ರಿಫ್ಟಿಯಾದ ಇಂಗಾಲ-13 ಮೌಲ್ಯ (ಭಾರದ ಇಂಗಾಲದ ಪಾಲು ಒಂದು ಮಾನಕಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಅನ್ನುವ ಅಂಕಿ) ಮೈನಸ್ 11 ಪ್ರತಿಸಾವಿರದ ಸುತ್ತ. ಸಲ್ಫೈಡ್ ಬಳಸುವ ಚಿಪ್ಪುಗಳದ್ದು ಮೈನಸ್ 30ಕ್ಕೂ ಕೆಳಗೆ. ಮೇಲಿನ ಬೆಳಕಿನ ನೀರಿನಲ್ಲಿ ತೇಲುವ ಪ್ಲವಕಗಳದ್ದು ಮೈನಸ್ 20ರ ಹತ್ತಿರ. ರಿಫ್ಟಿಯಾದ ಅಂಕಿ ಪ್ಲವಕಕ್ಕಿಂತ ಮೇಲಿದೆ, ಚಿಪ್ಪಿನದು ಕೆಳಗಿದೆ, ಆದ್ದರಿಂದ ಎರಡರ ಇಂಗಾಲದ ಮೂಲ ಬೇರೆ ಅಂತ ತೀರ್ಮಾನಿಸಬೇಡಿ. ಇಬ್ಬರೂ ಅದೇ ಕರಗಿದ ಇಂಗಾಲವನ್ನೇ ತಗೊಳ್ಳುವುದು. ರಿಫ್ಟಿಯಾದ ಬ್ಯಾಕ್ಟೀರಿಯಾದಲ್ಲಿರುವುದು ಎರಡನೇ ಬಗೆಯ ರುಬಿಸ್ಕೋ, ಅದು ಭಾರದ ಇಂಗಾಲವನ್ನು ಅಷ್ಟಾಗಿ ತಳ್ಳುವುದಿಲ್ಲ. ಚಿಪ್ಪಿನದು ಮೊದಲ ಬಗೆ, ಹೆಚ್ಚು ತಳ್ಳುತ್ತದೆ.

ಗಂಧಕವಾಸನೆ
ಕೊನೆಗೊಂದು. ಮರಿಗೆ ಬ್ಯಾಕ್ಟೀರಿಯಾ ತಾಯಿಯಿಂದ ಬರುತ್ತದಾ?

ತಳಸಂಚಾರಿ
ಕ್ಯಾಲಿಪ್ಟೊಜೀನಾದಲ್ಲಿ ಹೌದು, ಮೊಟ್ಟೆಯ ಮೂಲಕ. ಅದರ ಬ್ಯಾಕ್ಟೀರಿಯಾದ ಜೀನೋಮ್ ಸವೆದು ಸುಮಾರು 12 ಲಕ್ಷ ಬೇಸ್ ಜೋಡಿಗೆ ಇಳಿದಿದೆ, ಹೊರಗೆ ಒಂಟಿಯಾಗಿ ಬದುಕುವುದು ಕಷ್ಟ. ರಿಫ್ಟಿಯಾದಲ್ಲಿ ಇಲ್ಲ. ಮೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಸಿಗುವುದಿಲ್ಲ. ಮರಿ ತನ್ನೊಳಗಿನ ಬುತ್ತಿಯ ಮೇಲೆ ಐದಾರು ವಾರ ತೇಲಬಲ್ಲದು. ತಳಕ್ಕೆ ಕೂತ ಮೇಲೆ ನೀರಿನಲ್ಲಿರುವ ಬ್ಯಾಕ್ಟೀರಿಯಾ ಒಳಸೇರುತ್ತವೆ. ಬಾಯಿಯಿಂದ ಹೋಗುತ್ತವೆ ಎಂದು ಊಹಿಸಿದ್ದರು. 2006ರಲ್ಲಿ ಎಳೆಹುಳುಗಳನ್ನು ಪದರಪದರವಾಗಿ ನೋಡಿದಾಗ ಚರ್ಮವನ್ನು ದಾಟಿ ಹೋಗುತ್ತವೆ ಎಂದು ಗೊತ್ತಾಯಿತು. ಒಳಗಿನ ಮಧ್ಯಚರ್ಮದ ಕೋಶಗಳು ಟ್ರೋಫೋಸೋಮ್ ಆಗಿ ಬೆಳೆದ ಮೇಲೆ ಸೋಂಕು ನಿಲ್ಲುತ್ತದೆ, ಚರ್ಮದ ಸೋಂಕಿತ ಕೋಶಗಳು ಸಾಯುತ್ತವೆ. ಎಳೆಹುಳುವಿಗೆ ಮೊದಲು ಇದ್ದ ಬಾಯಿ, ಕರುಳು ಆಮೇಲೆ ಇಲ್ಲವಾಗುತ್ತವೆ.

ದೊಡ್ಡ ಹುಳು ಸತ್ತಾಗ ಜೀರ್ಣವಾಗದೆ ಉಳಿದ ಬ್ಯಾಕ್ಟೀರಿಯಾ ನೀರಿಗೆ ವಾಪಸ್ ಹೋಗುವುದನ್ನು 2015ರಲ್ಲಿ ಪ್ರಯೋಗದಲ್ಲಿ ತೋರಿಸಿದರು. ಇದರ ಪರಿಣಾಮ ಪೂರ್ವ ಪೆಸಿಫಿಕ್ ಏಣಿನ 9 ಡಿಗ್ರಿ 50 ನಿಮಿಷ ಉತ್ತರದಲ್ಲಿ ನೋಡಬಹುದು. 1991ರ ಏಪ್ರಿಲ್‌ನಲ್ಲಿ ಲಾವಾ ಉಕ್ಕಿ ಅಲ್ಲಿದ್ದ ಪ್ರಾಣಿಗಳು ನಾಶವಾದವು. ವರ್ಷದೊಳಗೆ ಟೆವ್ನಿಯಾ ಎಂಬ ಸಣ್ಣ ಕೊಳವೆಹುಳು ಬಂತು. 1993ರ ಡಿಸೆಂಬರ್ ಹೊತ್ತಿಗೆ ರಿಫ್ಟಿಯಾ ಅದನ್ನು ಮುಚ್ಚಿಹಾಕಿತ್ತು, ಕೊಳವೆ ವರ್ಷಕ್ಕೆ 85 ಸೆಂಟಿಮೀಟರ್‌ಗಿಂತ ಹೆಚ್ಚು ಬೆಳೆದಿತ್ತು. ಟೆವ್ನಿಯಾದ ಬ್ಯಾಕ್ಟೀರಿಯಾವೂ ಎಂಡೋರಿಫ್ಟಿಯಾವೇ.